ವ್ಯಕ್ತಿತ್ವ ಯಾವಾಗ ನೆಲೆಗೊಳ್ಳುತ್ತದೆ, ಎಷ್ಟು ಬದಲಾಗುತ್ತದೆ: ಒಂದು ಅಧ್ಯಯನ ಟಿಪ್ಪಣಿ

ಬೆಂಗಳೂರಿನ ಪದವಿ ಕಾಲೇಜುಗಳಲ್ಲಿ ಮನೋವಿಜ್ಞಾನವನ್ನು ಓದುತ್ತಿರುವ ನಮಗೆ ವ್ಯಕ್ತಿತ್ವದ ಅಧ್ಯಾಯ ಸಾಮಾನ್ಯವಾಗಿ ಹೆಸರುಗಳ ಸಾಲಾಗಿಯೇ ಎದುರಾಗುತ್ತದೆ: ಫ್ರಾಯ್ಡ್, ಎರಿಕ್‌ಸನ್, ಆಲ್‌ಪೋರ್ಟ್, ರೋಜರ್ಸ್, ಬಂಡೂರಾ. ಒಬ್ಬೊಬ್ಬರ ಹಂತಗಳನ್ನೂ ಪರಿಭಾಷೆಯನ್ನೂ ಬಾಯಿಪಾಠ ಮಾಡಿದರೆ ಅಂಕಗಳು ಬರಬಹುದು. ಆದರೆ ಇವರೆಲ್ಲ ಯಾವ ಪ್ರಶ್ನೆಯೊಂದಿಗೆ ಸೆಣಸುತ್ತಿದ್ದರು ಎಂಬುದು ತಿಳಿಯದೆಯೇ ಪರೀಕ್ಷೆ ಮುಗಿದುಹೋಗುತ್ತದೆ. ಮನುಷ್ಯನ ಸ್ವಭಾವದಲ್ಲಿ ಯಾವುದು ಯಾವ ವಯಸ್ಸಿಗೆ ನೆಲೆಗೊಳ್ಳುತ್ತದೆ, ನೆಲೆಗೊಂಡ ಮೇಲೂ ಯಾವುದು ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಈ ಅಧ್ಯಾಯ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಫ್ರಾಯ್ಡ್ ಅವರ ಉತ್ತರ ಎಲ್ಲರಿಗಿಂತ ಕಟ್ಟುನಿಟ್ಟಾದದ್ದು. ಅವರು ಹೇಳುವ ಐದು ಹಂತಗಳಲ್ಲಿ ಮೊದಲ ಮೂರು, ಐದಾರು ವರ್ಷ ತುಂಬುವುದರೊಳಗೆ ಮುಗಿಯುತ್ತವೆ; ಆ ಹೊತ್ತಿಗೆ ವ್ಯಕ್ತಿತ್ವದ ತಳಹದಿ ಸಿದ್ಧವಾಗಿರುತ್ತದೆ. ತಕ್ಷಣದ ಸುಖವನ್ನು ಬಯಸುವ ಇಡ್, ವಾಸ್ತವದೊಡನೆ ವ್ಯವಹರಿಸುವ ಈಗೋ, ನೀತಿಯ ಒತ್ತಾಯವನ್ನು ತರುವ ಸೂಪರ್‌ಈಗೋ ಎಂಬ ರಚನೆಯನ್ನು ಅವರು 1923ರಲ್ಲಿ ಮುಂದಿಟ್ಟರು. ಇಲ್ಲಿ ನಾವು ಗಮನಿಸಬೇಕಾದದ್ದು ಅವರ ಆಧಾರಗಳ ಸ್ವರೂಪವನ್ನು. ಬಾಲ್ಯದ ಕುರಿತ ಈ ಸಿದ್ಧಾಂತ ರೂಪುಗೊಂಡದ್ದು ಬಹುಪಾಲು ವಿಯೆನ್ನಾದ ವಯಸ್ಕ ರೋಗಿಗಳ ನೆನಪುಗಳಿಂದ; 1909ರಲ್ಲಿ ಪ್ರಕಟವಾದ, ಕುದುರೆಗಳಿಗೆ ಹೆದರುತ್ತಿದ್ದ ಹಾನ್ಸ್ ಎಂಬ ಬಾಲಕನ ಪ್ರಕರಣವೂ ಮುಖ್ಯವಾಗಿ ಅವನ ತಂದೆ ಒದಗಿಸಿದ ವಿವರಗಳನ್ನೇ ಅವಲಂಬಿಸಿತ್ತು. ಮೊದಲ ವರ್ಷಗಳು ಮುಖ್ಯ ಎಂಬ ಒಳನೋಟ ಮುಂದೆ ಮಗುವಿಗೂ ಅದನ್ನು ಸಾಕುವವರಿಗೂ ನಡುವಿನ ಬಾಂಧವ್ಯದ ಬಗ್ಗೆ ಬೌಲ್ಬಿ ಮತ್ತು ಐನ್ಸ್‌ವರ್ತ್ ನಡೆಸಿದ ಸಂಶೋಧನೆಯಲ್ಲಿ ಬೇರೆ ರೂಪದಲ್ಲಿ ಉಳಿದುಕೊಂಡಿತು. ಆ ವರ್ಷಗಳಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ ಎಂಬ ಭಾಗಕ್ಕೆ ಅಂಥ ಬೆಂಬಲ ದೊರೆಯಲಿಲ್ಲ.

ಎರಿಕ್‌ಸನ್ 1950ರಲ್ಲಿ ಈ ಗಡಿಯನ್ನು ಜೀವಮಾನದ ಉದ್ದಕ್ಕೂ ಹಿಗ್ಗಿಸಿದರು. ಅವರ ಎಂಟು ಹಂತಗಳಲ್ಲಿ ನಮ್ಮ ವಯಸ್ಸಿನವರಿಗೆ ಹತ್ತಿರವಾದದ್ದು ಐದನೆಯದು, ಅಂದರೆ ಹದಿಹರೆಯದಲ್ಲಿ ಅಸ್ಮಿತೆಗೂ (ತಾನು ಯಾರು ಎಂಬ ಸ್ಪಷ್ಟ ಅರಿವಿಗೂ) ಪಾತ್ರಗೊಂದಲಕ್ಕೂ ನಡುವೆ ನಡೆಯುವ ಎಳೆದಾಟ. ಎರಿಕ್‌ಸನ್ ಅವರ ಬರವಣಿಗೆ ಆಕರ್ಷಕವಾದರೂ ಅಳತೆಗೆ ಸುಲಭವಾಗಿ ಸಿಗುವಂಥದ್ದಲ್ಲ. ಆ ಕೊರತೆಯನ್ನು ತುಂಬಲು 1966ರಲ್ಲಿ ಜೇಮ್ಸ್ ಮಾರ್ಸಿಯಾ ಎರಡು ಪ್ರಶ್ನೆಗಳನ್ನು ಮುಂದಿಟ್ಟರು: ಈ ವ್ಯಕ್ತಿ ತನ್ನ ಮುಂದಿರುವ ದಾರಿಗಳನ್ನು ಪರಿಶೀಲಿಸಿದ್ದಾನೆಯೇ, ಯಾವುದಾದರೊಂದಕ್ಕೆ ಬದ್ಧನಾಗಿದ್ದಾನೆಯೇ? ಎರಡೂ ಇದ್ದರೆ ಅದು ಸಾಧಿಸಿಕೊಂಡ ಅಸ್ಮಿತೆ; ಪರಿಶೀಲನೆ ನಡೆಯುತ್ತಿದ್ದು ಬದ್ಧತೆ ಇನ್ನೂ ಮೂಡದಿದ್ದರೆ ಅದು ಹುಡುಕಾಟದ ಸ್ಥಿತಿ; ಪರಿಶೀಲಿಸದೆಯೇ ಬದ್ಧನಾಗಿದ್ದರೆ ಅದು ಮೊದಲೇ ಮುಚ್ಚಿಹೋದ ಅಸ್ಮಿತೆ; ಎರಡೂ ಇಲ್ಲದಿದ್ದರೆ ಅದು ಚದುರಿದ ಅಸ್ಮಿತೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ಮುಂಚೆಯೇ ಪಿಯುಸಿಗೆ ವಿಜ್ಞಾನ ವಿಭಾಗ, ಆಮೇಲೆ ಸಿಇಟಿ, ಅದಾದ ಮೇಲೆ ಎಂಜಿನಿಯರಿಂಗ್ ಎಂದು ಮನೆಯ ಹಿರಿಯರು ನಿಶ್ಚಯಿಸಿ, ಮಗನೋ ಮಗಳೋ ಅದನ್ನು ತನ್ನದೇ ಆಸೆಯೆಂದು ಪೂರ್ಣಮನಸ್ಸಿನಿಂದ ಹೇಳಿಕೊಳ್ಳುವ ಕುಟುಂಬಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಮಾರ್ಸಿಯಾ ಅವರ ಲೆಕ್ಕದಲ್ಲಿ ಇದು ಮೂರನೆಯ ಸ್ಥಿತಿ. ಇದನ್ನು ಓದಿದ ಕೂಡಲೇ ಅಂಥವರು ಒಳಗೊಳಗೇ ನರಳುತ್ತಿರಬೇಕು ಎಂದು ಬರೆದುಬಿಡುವ ಅಭ್ಯಾಸ ನಮ್ಮಲ್ಲಿದೆ. ಆದರೆ ಅಧ್ಯಯನಗಳಲ್ಲಿ ಮೊದಲೇ ಮುಚ್ಚಿಹೋದ ಅಸ್ಮಿತೆಯವರಲ್ಲಿ ಆತಂಕ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಹುಡುಕಾಟದಲ್ಲಿರುವವರಲ್ಲಿಯೇ ಅದು ಹೆಚ್ಚು. ನೆಮ್ಮದಿ ಇರುವುದರಿಂದಲೇ ಆಯ್ಕೆ ತನ್ನದಾಯಿತು ಎನ್ನಲಾಗದು. ಕಳವಳ ಇರುವುದರಿಂದಲೇ ಬೆಳವಣಿಗೆ ನಿಂತಿದೆ ಎಂದೂ ಹೇಳಲಾಗದು. ಈ ನಾಲ್ಕು ಸ್ಥಿತಿಗಳು ಮೆಟ್ಟಿಲುಗಳಲ್ಲ ಎಂಬುದನ್ನೂ ನೆನಪಿಡಬೇಕು: ಒಮ್ಮೆ ಅಸ್ಮಿತೆಯನ್ನು ಸಾಧಿಸಿಕೊಂಡವರು ನಲವತ್ತರ ವಯಸ್ಸಿನಲ್ಲಿ ಕೆಲಸ ಬಿಟ್ಟು ಮತ್ತೆ ಹುಡುಕಾಟಕ್ಕೆ ಮರಳಬಹುದು.

ಹುಟ್ಟಿನಿಂದಲೇ ಬರುವ ಮನೋಧರ್ಮದ ಪಾಲು ಎಷ್ಟು ಎಂಬುದಕ್ಕೆ ಥಾಮಸ್ ಮತ್ತು ಚೆಸ್ ದಂಪತಿಗಳು 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘಕಾಲೀನ ಅಧ್ಯಯನವನ್ನು ಓದಲೇಬೇಕು. ಅವರು ನೋಡಿದ ಮಕ್ಕಳಲ್ಲಿ ಸುಮಾರು ಶೇ. 40ರಷ್ಟು ಸರಳ ಸ್ವಭಾವದವರು, ಶೇ. 10ರಷ್ಟು ಕಷ್ಟದ ಸ್ವಭಾವದವರು, ಶೇ. 15ರಷ್ಟು ಹೊಸತಿಗೆ ನಿಧಾನವಾಗಿ ಒಗ್ಗುವವರು, ಉಳಿದ ಶೇ. 35ರಷ್ಟು ಮಕ್ಕಳು ಯಾವ ವಿಂಗಡಣೆಗೂ ಸೇರಲಿಲ್ಲ, ಅದನ್ನು ನಮ್ಮ ಗೈಡುಗಳು ಎಷ್ಟೋ ಬಾರಿ ಬಿಟ್ಟೇಬಿಡುತ್ತವೆ. ಈ ದಂಪತಿಗಳು ಕೊಟ್ಟ ಮುಖ್ಯ ಪರಿಕಲ್ಪನೆ ಹೊಂದಾಣಿಕೆಯದು: ಮನೋಧರ್ಮ ತಾನಾಗಿ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಪರಿಸರದ ನಿರೀಕ್ಷೆಗೂ ಅದಕ್ಕೂ ಎಷ್ಟು ಕೂಡಿಬರುತ್ತದೆ ಎಂಬುದರ ಮೇಲೆ ಫಲ ನಿಂತಿದೆ. ನಿಧಾನವಾಗಿ ಒಗ್ಗುವ ಮಗುವೊಂದು ಚಾಮರಾಜಪೇಟೆಯ ವಠಾರದಲ್ಲಿ ಅಜ್ಜಿಯ ಸೆರಗು ಹಿಡಿದು, ಬಂದುಹೋಗುವವರನ್ನು ದಿನವೂ ನೋಡುತ್ತ ತನ್ನ ವೇಗದಲ್ಲಿ ಪರಿಚಯ ಬೆಳೆಸಿಕೊಂಡರೆ ಯಾರೂ ಅದನ್ನು ಸಮಸ್ಯೆಯೆಂದು ಕರೆಯುವುದಿಲ್ಲ. ಅದೇ ಮಗುವನ್ನು ಹೊಸ ಬಡಾವಣೆಯ ಅಪಾರ್ಟ್‌ಮೆಂಟಿನಿಂದ ನೇರವಾಗಿ ಗದ್ದಲದ ಪ್ಲೇಹೋಮಿಗೆ ಸೇರಿಸಿ, ಮೊದಲ ವಾರದಲ್ಲೇ ಎಲ್ಲರೊಡನೆ ಹಾಡಿ ಕುಣಿಯಲಿ ಎಂದು ನಿರೀಕ್ಷಿಸಿದರೆ ಅದಕ್ಕೆ ಅಂಜುಬುರುಕ ಎಂಬ ಹಣೆಪಟ್ಟಿ ಅಂಟುತ್ತದೆ.

ಶೀಲಗುಣ ಎಂದರೆ ವ್ಯಕ್ತಿಯಲ್ಲಿ ಬಹುಕಾಲ ಉಳಿಯುವ ಸ್ವಭಾವದ ಲಕ್ಷಣ; ಅದರ ಸಿದ್ಧಾಂತದ ಇತಿಹಾಸವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಜನರನ್ನು ವರ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಕ್ಯಾಟೆಲ್ ಅಂಥ ಪಟ್ಟಿಯನ್ನು 16 ಅಂಶಗಳಿಗೆ ಇಳಿಸಿದರು. ಮುಂದೆ ಹಲವರ ಕೆಲಸ ಮುಕ್ತತೆ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಭಾವನಾತ್ಮಕ ಅಸ್ಥಿರತೆ ಎಂಬ ಐದರಲ್ಲಿ ಬಂದು ನಿಂತಿತು. ಈ ಕಟ್ಟಡದ ಬುಡವನ್ನೇ ಅಲುಗಿಸಿದವರು ವಾಲ್ಟರ್ ಮಿಷೆಲ್. ಶೀಲಗುಣದ ಅಂಕಗಳಿಗೂ ನಿರ್ದಿಷ್ಟ ಸಂದರ್ಭದ ನಡವಳಿಕೆಗೂ ಇರುವ ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಸಾಗುತ್ತವೆ ಎಂಬುದರ ಸೂಚಿ; ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಜೊತೆಯಾಗಿದ್ದರೆ 1) ಸಾಮಾನ್ಯವಾಗಿ 0.30ರ ಆಚೀಚೆ ನಿಂತುಬಿಡುತ್ತದೆ ಎಂದು ಅವರು 1968ರಲ್ಲಿ ತೋರಿಸಿದರು. ಎಪ್‌ಸ್ಟೀನ್ 1979ರಲ್ಲಿ ಇದಕ್ಕೆ ಉತ್ತರಿಸುತ್ತ, ಒಂದೇ ಘಟನೆಯ ಬದಲು ಹಲವು ದಿನಗಳ ನಡವಳಿಕೆಯ ಸರಾಸರಿಯನ್ನು ತೆಗೆದುಕೊಂಡರೆ ಸ್ಥಿರತೆ ಸ್ಪಷ್ಟವಾಗಿ ಕಾಣುತ್ತದೆ ಎಂದರು. ಮುಂದೆ ಮಿಷೆಲ್ ಅವರೇ ಶೋಡಾ ಜೊತೆಗೂಡಿ ಇನ್ನೊಂದು ಬಗೆಯ ಸ್ಥಿರತೆಯನ್ನು ಗುರುತಿಸಿದರು. ಸೆಮಿನಾರಿನಲ್ಲಿ ತುಟಿ ಬಿಚ್ಚದ ವಿದ್ಯಾರ್ಥಿನಿ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಎಲ್ಲರನ್ನೂ ನಗಿಸುತ್ತಾಳೆ. ಇದು ಪ್ರತಿ ಸಲವೂ ಹೀಗೆಯೇ ನಡೆದರೆ, ‘ಸಂದರ್ಭ ಹೀಗಿದ್ದರೆ ವರ್ತನೆ ಹೀಗೆ’ ಎಂಬ ಆ ವಿನ್ಯಾಸವೇ ಅವಳ ವ್ಯಕ್ತಿತ್ವದ ಗುರುತು. ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ವಿಚಾರ ಇದು.

ಬಂಡೂರಾ ಅವರ ಪರಸ್ಪರ ನಿರ್ಧಾರವಾದವನ್ನು ಇದರ ಪಕ್ಕದಲ್ಲೇ ಓದಿ: ವ್ಯಕ್ತಿ, ವರ್ತನೆ, ಪರಿಸರ ಮೂರೂ ಒಂದನ್ನೊಂದು ರೂಪಿಸುತ್ತವೆ. ರೋಜರ್ಸ್ ಹೇಳುವ ಷರತ್ತಿಲ್ಲದ ಆದರ, ಮತ್ತು ತಾನು ಇರುವ ಬಗೆಗೂ ಇರಬೇಕೆಂದುಕೊಂಡ ಬಗೆಗೂ ನಡುವಿನ ಅಂತರ, ಆಪ್ತಸಮಾಲೋಚನೆಯ ಅಧ್ಯಾಯದಲ್ಲಿ ಇನ್ನಷ್ಟು ಉಪಯೋಗಕ್ಕೆ ಬರುತ್ತವೆ.

ಸ್ಥಿರತೆ ಎಂಬುದಕ್ಕೆ ಎರಡು ಅರ್ಥಗಳಿವೆ: ಗುಂಪಿನೊಳಗೆ ಒಬ್ಬೊಬ್ಬರ ಸ್ಥಾನದ ಕ್ರಮ ಬದಲಾಗದಿರುವುದು ಒಂದು, ಗುಂಪಿನ ಸರಾಸರಿ ಮಟ್ಟ ಬದಲಾಗದಿರುವುದು ಇನ್ನೊಂದು. ಇವನ್ನು ಬೆರೆಸಿದರೆ ಉತ್ತರ ಕೆಡುತ್ತದೆ. ಬೆಳಗಿನ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲಾಗಿ ನಿಂತ ಶಾಲಾ ಮಕ್ಕಳು ಎರಡು ವರ್ಷಗಳಲ್ಲಿ ಎಲ್ಲರೂ ಬೆಳೆದಿರುತ್ತಾರೆ, ಆದರೂ ಸಾಲಿನ ಕ್ರಮ ಬಹುಮಟ್ಟಿಗೆ ಹಾಗೆಯೇ ಇರಬಹುದು. ರಾಬರ್ಟ್ಸ್ ಮತ್ತು ಡೆಲ್‌ವೆಕಿಯೊ 2000ದಲ್ಲಿ 152 ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರಮದ ಸ್ಥಿರತೆಯನ್ನು ಸೂಚಿಸುವ ಸಹಸಂಬಂಧ ಬಾಲ್ಯದಲ್ಲಿ 0.31, ಕಾಲೇಜಿನ ವಯಸ್ಸಿನಲ್ಲಿ 0.54, ಮೂವತ್ತರಲ್ಲಿ 0.64, ಐವತ್ತರ ನಂತರ 0.74 ಎಂದು ಕಂಡುಬಂದಿತು. ಐದಾರು ವರ್ಷಕ್ಕೇ ಎಲ್ಲವೂ ನೆಲೆಗೊಂಡಿದ್ದರೆ ಈ ಏರಿಕೆ ಇರುತ್ತಿರಲಿಲ್ಲ. ಇನ್ನೊಂದೆಡೆ, ಸರಾಸರಿ ಮಟ್ಟವೂ ಚಲಿಸುತ್ತದೆ: ವಯಸ್ಕರಾಗುತ್ತ ಹೋದಂತೆ ಕರ್ತವ್ಯನಿಷ್ಠೆ ಸಾಮಾನ್ಯವಾಗಿ ಹೆಚ್ಚುತ್ತದೆ, ಭಾವನಾತ್ಮಕ ಅಸ್ಥಿರತೆ ತಗ್ಗುತ್ತದೆ. ಅವಳಿ ಅಧ್ಯಯನಗಳು ಹೇಳುವ ಶೇ. 40ರಿಂದ 50ರ ಅನುವಂಶೀಯತೆಯನ್ನು ಉಲ್ಲೇಖಿಸುವಾಗಲೂ ಎಚ್ಚರ ಬೇಕು. ಅದು ಒಂದು ಗುಂಪಿನೊಳಗಿನ ವ್ಯತ್ಯಾಸಗಳ ಪಾಲನ್ನು ಸೂಚಿಸುತ್ತದೆ, ಒಬ್ಬ ವ್ಯಕ್ತಿಯ ಸ್ವಭಾವದಲ್ಲಿ ಅರ್ಧ ಭಾಗ ವಂಶವಾಹಿಯದು ಎಂದು ಹೇಳುವುದಿಲ್ಲ.

ಐದು ಅಂಶಗಳನ್ನು ಆಧರಿಸಿ ಪ್ರಾಜೆಕ್ಟ್ ಮಾಡಲಿರುವವರು ಬೊಲಿವಿಯಾದ ಚಿಮಾನೆ ಸಮುದಾಯದ ಅಧ್ಯಯನವನ್ನು ನೋಡಿಕೊಳ್ಳಬೇಕು. ಬೇಟೆ, ಮೀನುಗಾರಿಕೆ, ಬೇಸಾಯಗಳಿಂದ ಬದುಕುವ ಈ ಸಮುದಾಯದ 632 ವಯಸ್ಕರ ಉತ್ತರಗಳಲ್ಲಿ ಗರ್ವೆನ್ ಮತ್ತು ಸಂಗಡಿಗರಿಗೆ 2013ರಲ್ಲಿ ಐದು ಅಂಶಗಳ ರಚನೆ ಸಿಗಲಿಲ್ಲ. ಪರೋಪಕಾರ ಮತ್ತು ದುಡಿಮೆಯ ಶ್ರದ್ಧೆಗಳ ಸುತ್ತ ಎರಡೇ ಅಂಶಗಳು ಮೂಡಿದವು. ಆ ಐದರ ಮಾದರಿಗೆ ದೊರೆತಿರುವ ಬೆಂಬಲದ ಬಹುಭಾಗ ಓದುಬರಹ ಬಲ್ಲ ನಗರವಾಸಿಗಳಿಂದ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳಿಂದ ಬಂದದ್ದು. ಆದ್ದರಿಂದ ನಮ್ಮ ತರಗತಿಯವರಿಗೆ ಪ್ರಶ್ನಾವಳಿ ಹಂಚಿ ಬಂದ ಫಲಿತಾಂಶವನ್ನು ಬೆಂಗಳೂರಿನವರ ವ್ಯಕ್ತಿತ್ವ ಎಂದು ಬರೆಯುವಂತಿಲ್ಲ, ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಗಳನ್ನೂ ಪೀಣ್ಯದ ಕಾರ್ಖಾನೆಗಳ ಕಾರ್ಮಿಕರನ್ನೂ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಿ ಸೇರಿಸಿಕೊಳ್ಳುವ ಯೋಜನೆಯನ್ನು ವಿಧಾನದ ಭಾಗದಲ್ಲಿಯೇ ಬರೆದಿಡಬೇಕು.