ಗೋಂದಿಲ್ಲದೆ ನಿಂತ ಚಿಪ್ಪು

ಕಾಸರಗೋಡಿನ ಜುಲೈಯಲ್ಲಿ ಏನನ್ನಾದರೂ ಒಣಗಿಸಲು ಹೊರಡುವುದು ಸ್ವಲ್ಪ ಹುಚ್ಚೇ ಸರಿ. ಆದರೆ ಅಕ್ಕನ ಮಗಳಿಗೆ ಟೀಚರಿಗೆ ಕೊಡಲು ಕೈಯಲ್ಲೇ ಮಾಡಿದ ಶುಭಾಶಯ ಪತ್ರ ಬೇಕಿತ್ತು. ಅದರ ಮೇಲೆ ಉಬ್ಬಿ ನಿಂತ ಚಿಪ್ಪು ಬೇಕು, ಚಿಪ್ಪು ಕಾಗದದ್ದೇ ಆಗಬೇಕು.

ಬೇಕಲದ ಕಡಲ ಬದಿಯಲ್ಲಿ ಹೆಕ್ಕಿದ ಗೀರುಗೀರಿನ ಕಪ್ಪೆಚಿಪ್ಪೊಂದು ಮನೆಯಲ್ಲಿತ್ತು. ಅದನ್ನು ನೀರಿಗೆ ಕರಗದ ಕ್ಲೇಯಲ್ಲಿ ಒತ್ತಿ ತೆಗೆದಾಗ ಅಚ್ಚು ಸಿಕ್ಕಿತು. ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು, ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಜಾಸ್ತಿ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದೆವು. ನೀರುದೋಸೆ ಹಿಟ್ಟಿನಷ್ಟು ತೆಳು. ಅದನ್ನು ಸೋಸಿ, ತಿರುಳನ್ನು ಅಚ್ಚಿಗೆ ತುಂಬಿ, ಸ್ಪಂಜಿನಿಂದ ಒತ್ತಿ ಒತ್ತಿ ನೀರು ತೆಗೆದೆವು. ನ್ಯೂಸ್ ಪೇಪರ್ ಬೇಡ ಅಂತ ನಾನೇ ತಡೆದೆ. ಅದರಲ್ಲಿ ಮರದ ನಾರುಗಳನ್ನು ಬಿಗಿದಿಡುವ ಲಿಗ್ನಿನ್ ಅನ್ನುವ ವಸ್ತು ಉಳಿದಿರುತ್ತದೆ, ಬೆಳಕು ಬಿದ್ದರೆ ಹಳದಿಯಾಗುತ್ತದೆ.

“ಮಾವ, ಗಮ್ ಹಾಕ್ಲೇ ಇಲ್ಲ ಅಲ್ವಾ? ಮತ್ತೆ ಹೇಗೆ ಅಂಟ್ಕೊಳ್ತದೆ?”

ಒಳ್ಳೆ ಪ್ರಶ್ನೆ. ಕಾಗದ ಅಂದರೆ ಸೆಲ್ಯುಲೋಸ್ ನಾರುಗಳು. ನೀರಲ್ಲಿ ಅವು ಉಬ್ಬಿ ಮೆತ್ತಗಾಗುತ್ತವೆ. ನೀರು ಆರುತ್ತಾ ಬಂದಂತೆ, ನಾರುಗಳ ನಡುವೆ ಉಳಿದ ತೆಳು ನೀರೇ ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ಒದ್ದೆ ಕೂದಲು ಒಂದಕ್ಕೊಂದು ಅಂಟಿಕೊಳ್ಳುತ್ತದಲ್ಲ, ಹಾಗೆ. ಕೊನೆಗೆ ನೀರು ಹೋದಾಗ ಪಕ್ಕಪಕ್ಕದ ನಾರುಗಳ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ, ಜಲಜನಕದ ಜೋಡಿಗಳು) ಹೈಡ್ರೋಜನ್ ಬಂಧ ಅನ್ನುವ ಸೆಳೆತದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದೊಂದು ಬಂಧವೂ ಬಡಕಲು. ಆದರೆ ಲೆಕ್ಕವಿಲ್ಲದಷ್ಟು ಇರುವುದರಿಂದ ಚಿಪ್ಪು ಗಟ್ಟಿ. ಅಂಟಿಸಿದ್ದೂ ನೀರೇ, ಹೊರಟುಹೋದದ್ದೂ ನೀರೇ.

ಅಜ್ಜಿ ಹಾಗೆ ಸುಮ್ನೆ ನೀರನ್ನು ನಂಬುತ್ತಿರಲಿಲ್ಲ. ಗೆರಸೆಗೆ ಮೆತ್ತುವ ಕಾಗದದ ತಿರುಳಿಗೆ ಮೆಂತೆ ಅರೆದು ಸೇರಿಸುತ್ತಿದ್ದರು. ಹುಳ ಬರುವುದಿಲ್ಲ ಅನ್ನುತ್ತಿದ್ದರು. ಮೆಂತೆಯ ಲೋಳೆಯಲ್ಲಿರುವುದು ಗ್ಯಾಲಕ್ಟೊಮನ್ನನ್, ಅಂದರೆ ಸಕ್ಕರೆಯ ಕಣಗಳು ಸರಪಳಿಯಾಗಿ ಸೇರಿದ ವಸ್ತು. ಅದರ ಬೆನ್ನೆಲುಬಿನ ಸರಪಳಿ ಸೆಲ್ಯುಲೋಸಿನದ್ದನ್ನೇ ಹೋಲುತ್ತದೆ, ಅದಕ್ಕೇ ನಾರಿಗೆ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಗೋರಿಕಾಯಿ ಬೀಜದ ಗೋಂದಿನಲ್ಲಿರುವುದೂ ಇದೇ ಜಾತಿಯ ವಸ್ತು, ಅದನ್ನು ಕಾಗದದ ಕಾರ್ಖಾನೆಗಳಲ್ಲೂ ಬಳಸುತ್ತಾರೆ. ನಾವು ಮಾತ್ರ ಮೆಂತೆ ಹಾಕಲಿಲ್ಲ. ಬಣ್ಣ ಮಾಸಲಾಗುತ್ತದೆ, ಅದರ ವಾಸನೆ ಟೀಚರಿಗೆ ಹಿಡಿಸೀತು ಅಂತಲೂ ಇಲ್ಲ.

ಮೊದಲ ಚಿಪ್ಪನ್ನು ಕೆಡಿಸಿದ್ದು ನಾನೇ. ಮಳೆ ಬಿಟ್ಟು ಬಿಸಿಲು ಬಂತಲ್ಲ ಅಂತ ಅರೆಒದ್ದೆಯಲ್ಲೇ ಅಚ್ಚಿನಿಂದ ಬಿಡಿಸಿ ಅಂಗಳದಲ್ಲಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಹಪ್ಪಳದ ಹಾಗೆ ಮುರುಟಿತು. ಒಣಗುವಾಗ ನಾರು ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ, ದಪ್ಪದಲ್ಲಿ ಚೆನ್ನಾಗಿ ಕುಗ್ಗುತ್ತದೆ. ಮೇಲ್ಮೈ ಮೊದಲು ಒಣಗಿದರೆ ಅದು ಒದ್ದೆ ಬದಿಯನ್ನು ಎಳೆದುಬಿಡುತ್ತದೆ. ಎರಡನೆಯದನ್ನು ಅಚ್ಚಿನಲ್ಲೇ ಬಿಟ್ಟು ಫ್ಯಾನ್ ಹಾಕಿದೆವು. ಮೂರು ದಿನ ಬೇಕಾಯಿತು. ಆದರೆ ಒಂದು ಗೀರೂ ತಪ್ಪದೆ ಎದ್ದು ಬಂತು.

ಬಣ್ಣ ಹಚ್ಚುವಾಗಲೂ ನೀರಿನದ್ದೇ ಕಾಟ. ಅವಳು ಬ್ರಷ್ ತುಂಬ ನೀರು ಬಣ್ಣ ಹಚ್ಚಿದ ಕಡೆ ಬಂಧ ಬಿಟ್ಟುಕೊಂಡು ನಾರು ಉಬ್ಬಿತು, ಗೀರು ಅಳಿಸಿತು. ಆಮೇಲೆ ಬ್ರಷ್ಷನ್ನು ಬಟ್ಟೆಗೆ ಒರಸಿ, ಬಹುತೇಕ ಒಣ ಕೂದಲಿನಿಂದ ಏಣುಗಳ ಮೇಲೆ ಮಾತ್ರ ಸವರಿದಳು. ಏಣುಗಳಿಗೆ ನೀಲಿ ಕೂತಿತು, ತಗ್ಗುಗಳು ಬಿಳಿಯಾಗೇ ಉಳಿದವು. ನನಗೆ ತುಂಬಿಸಿ ಬಳಿದ ಬಣ್ಣಕ್ಕಿಂತ ಇದೇ ಚಂದ.

ಅಂಚಿನಲ್ಲೊಂದು ಕಪ್ಪು ಚುಕ್ಕಿ ಉಳಿದುಬಿಟ್ಟಿತ್ತು. ತಿರುಳು ಅಚ್ಚಿಗೆ ಕಚ್ಚಬಾರದು ಅಂತ ಸವರಿದ ತೆಂಗಿನೆಣ್ಣೆ ಅಲ್ಲಿ ಹೀರಿಕೊಂಡಿತ್ತು. ಕಾಗದ ಬೆಳ್ಳಗೆ ಕಾಣುವುದು ನಾರು ಮತ್ತು ಗಾಳಿಯ ನಡುವೆ ಬೆಳಕು ಚದುರುವುದರಿಂದ. ಸೆಲ್ಯುಲೋಸಿನ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.5, ಗಾಳಿಯದ್ದು 1, ತೆಂಗಿನೆಣ್ಣೆಯದ್ದು 1.45ರ ಆಸುಪಾಸು. ಗಾಳಿಯ ಜಾಗಕ್ಕೆ ಎಣ್ಣೆ ಹೊಕ್ಕರೆ ವ್ಯತ್ಯಾಸ ಕಡಿಮೆ, ಚದುರುವಿಕೆಯೂ ಕಡಿಮೆ. ಬೆಳಕು ಒಳಗೆ ಹೋಗಿಬಿಡುತ್ತದೆ, ಆ ಜಾಗ ಕಪ್ಪಾಗಿ ಕಾಣುತ್ತದೆ.

ಇಷ್ಟನ್ನು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವಳು ಚುಕ್ಕಿಯ ಸುತ್ತ ಬೂದು ಬಣ್ಣದ ಗೆರೆ ಎಳೆದು, “ಇದು ಮುತ್ತು” ಅಂದಳು.