ಕಕ್ಕಡದ ಮಂಜಿನಲ್ಲಿ ಸೂರ್ಯನ ಕಪ್ಪು ಗೆರೆಗಳು: ರೋಹಿತದ ಬಗ್ಗೆ ಟಿಪ್ಪಣಿ

ಮಡಿಕೇರಿಯಲ್ಲಿ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ ಹಿಡಿದುಕೊಂಡರೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ರೋಹಿತ, ಅಂದರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಂಡ ಪಟ್ಟಿ, ನೋಡಲು ಅದೇನೂ ಅಡ್ಡಿಯಲ್ಲ. ಕಿಟಕಿಯಾಚೆಯ ಬಿಳಿ ಮಂಜಿನಿಂದ ಬರುವುದೂ ಸೂರ್ಯನ ಬೆಳಕೇ, ಹನಿಗಳು ಅದನ್ನು ಚದುರಿಸಿರುತ್ತವೆ ಅಷ್ಟೆ. 1814ರಲ್ಲಿ ಜರ್ಮನಿಯ ಮಸೂರ ತಯಾರಕ ಫ್ರೌನ್‌ಹೋಫರ್ ಅಳೆಯಲು ಹೊರಟ ಕಪ್ಪು ಗೆರೆಗಳು ಆ ಬೆಳಕಿನಲ್ಲೂ ಇವೆ.

ಗೆರೆ ಹುಟ್ಟುವ ಬಗೆ ಮೊದಲು. ಪರಮಾಣುವಿನ ಎಲೆಕ್ಟ್ರಾನ್ ನಿಗದಿತ ಶಕ್ತಿಮಟ್ಟಗಳಲ್ಲಿ ಮಾತ್ರ ನಿಲ್ಲಬಲ್ಲದು. ಮೇಲಿನ ಮಟ್ಟದಿಂದ ಇಳಿದಾಗ ಆ ಅಂತರದಷ್ಟೇ ಶಕ್ತಿಯ ಫೋಟಾನ್ (ಬೆಳಕಿನ ಕಣ) ಹೊರಬೀಳುತ್ತದೆ. 1240ನ್ನು ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಲೆಕ್ಕದ ಅಂತರದಿಂದ ಭಾಗಿಸಿ. ತರಂಗಾಂತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಹೈಡ್ರೋಜನ್‌ನಲ್ಲಿ ಮೂರನೆಯ ಮಟ್ಟದಿಂದ ಎರಡನೆಯದಕ್ಕೆ 1.89, ಅಂದರೆ 656ರ ಕೆಂಪು ಗೆರೆ. ಸೋಡಿಯಂನದು 589ರ ಹಳದಿ. ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸ್ ಒಲೆಗೆ ಚೆಲ್ಲಿದಾಗ ನೀಲಿ ಉರಿ ಹಳದಿಗೆ ತಿರುಗುತ್ತದಲ್ಲ, ಅದೇ ಇದು.

ಸೂರ್ಯನಲ್ಲಿ ಇದು ತಿರುವುಮುರುವು. ಒಳಗಿನಿಂದ ಬರುವ, ಎಲ್ಲ ಬಣ್ಣವೂ ಎಡೆಬಿಡದೆ ಇರುವ ಅಖಂಡ ರೋಹಿತ ಹೊರಪದರದ ಕಡಿಮೆ ಬಿಸಿಯ ಅನಿಲವನ್ನು ದಾಟಬೇಕು. ಅಲ್ಲಿನ ಸೋಡಿಯಂ 589ನ್ನು ಹೀರಿ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ನಮ್ಮ ಕಡೆಗೆ ಬರುವ ಪಾಲು ಕಡಿಮೆಯಾಗುತ್ತದೆ. ಗೆರೆ ಪೂರ್ತಿ ಕಪ್ಪಲ್ಲ, ಅಕ್ಕಪಕ್ಕದ ಹೊಳಪಿನೆದುರು ಹಾಗೆ ಕಾಣುತ್ತದೆ. ಉರಿಯ ಹೊಳೆವ ಗೆರೆಗೂ ಸೂರ್ಯನ ಕಪ್ಪು ಗೆರೆಗೂ ಇರುವ ಈ ನಂಟನ್ನು 1859ರಲ್ಲಿ ಬಿಡಿಸಿ ಹೇಳಿದವರು ಜರ್ಮನ್ ಭೌತವಿಜ್ಞಾನಿ ಕಿರ್ಕಾಫ್.

ನೋಡಲು ಹಳೆಯ, ಬರೆಯಬಹುದಾದ ಡಿವಿಡಿ (DVD-R) ಸಾಕು. ಅಂಚಿನಲ್ಲಿ ಬ್ಲೇಡ್ ತೂರಿಸಿ ಎರಡು ಪದರ ಬಿಡಿಸಿ, ಪಾರದರ್ಶಕ ಪದರದ ನೇರಳೆ ಬಣ್ಣವನ್ನು ಸ್ಪಿರಿಟ್‌ನಿಂದ ತೊಳೆಯಿರಿ. ಹೊರ ಅಂಚಿನಿಂದ 2 ಸೆಂ.ಮೀ. ತುಂಡು ಕತ್ತರಿಸಿ, ಅಲ್ಲಿ ಜಾಡುಗಳ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸಣ್ಣ ಗೀರುಗಳು) ಬಾಗು ಕಡಿಮೆ. ಜಾಡುಗಳ ನಡುವಿನ ಅಂತರ 740 ನ್ಯಾನೋಮೀಟರ್. ಹಾಗಾಗಿ ಹಳದಿ ಬೆಳಕು ಸುಮಾರು 53 ಡಿಗ್ರಿ ಓರೆಗೆ ಬಾಗುತ್ತದೆ, ಕಣ್ಣಿಡುವ ದಿಕ್ಕು ಅದೇ.

ಎಲ್ಲರೂ ಎಡವುವುದು ಡಿವಿಡಿ ತುಂಡಿನತ್ತ ಬೆಳಕು ಬಿಡುವ ಸೀಳಿನಲ್ಲಿ. ಎರಡು ಬ್ಲೇಡ್‌ಗಳ ನಡುವಿನ ಸೀಳು 0.2 ಮಿ.ಮೀ., ಡಿವಿಡಿ ತುಂಡಿನಿಂದ ದೂರ 200 ಮಿ.ಮೀ. ಇದ್ದರೆ ಮಸುಕು 740 × 0.2 ÷ 200, ಅಂದರೆ 0.74 ನ್ಯಾನೋಮೀಟರ್. ಸೋಡಿಯಂನ ಗೆರೆ ನಿಜಕ್ಕೂ ಜೋಡಿ: 589.0 ಮತ್ತು 589.6. ಇಷ್ಟು ಮಸುಕಿನಲ್ಲಿ ಅವು ಒಂದಾಗಿಬಿಡುತ್ತವೆ. ಸೀಳು 1 ಮಿ.ಮೀ. ಆದರಂತೂ ಕಾಮನಬಿಲ್ಲು ಚೆನ್ನಾಗಿ ಕಾಣುತ್ತದೆ, ಗೆರೆಗಳೇ ಇರುವುದಿಲ್ಲ. ಗೆರೆ ಓರೆಯಾಗಿದ್ದರೆ ಜಾಡು ಸೀಳಿಗೆ ಸಮಾನಾಂತರವಾಗಿಲ್ಲ. ಕೆಂಪಿನಿಂದ ನೇರಳೆಯವರೆಗೆ ಉದ್ದಕ್ಕೆ ಓಡುವ ಕಪ್ಪು ಎಳೆ ಕಂಡರೆ ಅದು ಸೀಳಿನ ಅಂಚಿಗೆ ಕೂತ ದೂಳು, ಸೂರ್ಯನದ್ದಲ್ಲ.

ಸೀಳನ್ನು ಮಂಜಿನತ್ತ ಹಿಡಿಯಿರಿ. ಬಿಸಿಲಿದ್ದಾಗ ಸೂರ್ಯನತ್ತ ಎಂದಿಗೂ ಬೇಡ. ನೀಲಿಹಸಿರಿನಲ್ಲಿ 486ರ ಹೈಡ್ರೋಜನ್, ಹಸಿರಿನಲ್ಲಿ 517ರ ಸುತ್ತ ಮೆಗ್ನೀಸಿಯಂ ಗುಂಪು, ಆಮೇಲೆ 589. ಈ ಕೊನೆಯದರ ಕೆಂಪು ಬದಿಗೆ ಅಂಟಿಕೊಂಡಂತೆ ಒಂದು ನೆರಳುಪಟ್ಟಿ ಕಂಡರೆ ಅದು ನಮ್ಮದೇ ಗಾಳಿಯ ನೀರಾವಿ ಹೀರಿದ ಜಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನೇ ನೋಡಿ ಮಳೆ ಅಂದಾಜಿಸಲು ಯತ್ನಿಸಿದವರಿದ್ದರು. ಅದೇ ಕಿಟಕಿಯಿಂದ, ಅದೇ ಹೊತ್ತಿಗೆ, ಜನವರಿಯ ಒಣ ಹವೆಯಲ್ಲಿ ಮತ್ತೆ ನೋಡಿ: ಪಟ್ಟಿ ತೆಳುವಾಗಿರುತ್ತದೆ, ಸೋಡಿಯಂ ಗೆರೆ ಹಾಗೇ ಇರುತ್ತದೆ.