ಹೋಲಿಸಲು ಇನ್ನೊಬ್ಬರು ಬೇಕು

ಭಾರತದ ಕೋರ್ಟಿಗೆ ಡಿಎನ್‌ಎ ಪರೀಕ್ಷೆ ಮೊದಲು ಕಾಲಿಟ್ಟದ್ದು ನಮ್ಮ ಕಾಸರಗೋಡಿಗೆ ಹತ್ತಿರದ ತಲಶ್ಶೇರಿಯಲ್ಲಿ. ಮಗು ತನ್ನದಲ್ಲ ಎಂದು ಒಬ್ಬರು ವಾದಿಸಿದ್ದರು. ರಕ್ತದ ಮಾದರಿಗಳು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಹೋದವು. ವಿಜ್ಞಾನಿ ಲಾಲ್‌ಜಿ ಸಿಂಗ್ ಅಲ್ಲಿ ಪರೀಕ್ಷಿಸಿದರು. ತಂದೆ ಅವರೇ ಎಂದಾಯಿತು. 1991ರಲ್ಲಿ ಕೇರಳ ಹೈಕೋರ್ಟ್ ಕೂಡ ಅದನ್ನು ಒಪ್ಪಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಈ ವಿಧಾನ ಕಂಡುಕೊಂಡದ್ದು 1984ರಲ್ಲಿ. ಅಷ್ಟು ಬೇಗ ಅದು ನಮ್ಮ ಕಡೆಗೂ ಬಂದಿತ್ತು!

ನಮ್ಮ ಡಿಎನ್‌ಎ ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳ ಸಾಲು; ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ. ಅದರಲ್ಲಿ ಶೇ. 99.9ರಷ್ಟು ಎಲ್ಲರಿಗೂ ಒಂದೇ. ಹಾಗಾಗಿ ಅದನ್ನೆಲ್ಲ ಓದುವ ಗೋಜಿಗೆ ಹೋಗುವುದಿಲ್ಲ. ಈಗಿನ ವಿಧಾನದಲ್ಲಿ, ಪುಟ್ಟ ತುಣುಕೊಂದು ಮತ್ತೆ ಮತ್ತೆ ಬರುವ ಜಾಗಗಳನ್ನು ಮಾತ್ರ ನೋಡುತ್ತಾರೆ. ಉದಾಹರಣೆಗೆ 11ನೇ ಕ್ರೋಮೋಸೋಮಿನ (ಡಿಎನ್‌ಎ ಸುತ್ತಿಕೊಂಡಿರುವ ಕಟ್ಟು) ಟಿಎಚ್01 ಎಂಬ ಜಾಗ. ಅಲ್ಲಿ ಎಎಟಿಜಿ ಎಂಬ ನಾಲ್ಕಕ್ಷರ ಸಾಲಾಗಿ ನಿಂತಿದೆ. ಎಷ್ಟು ಸಲ? ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ಜಾಗದ ಎರಡು ಪ್ರತಿ ಪ್ರತಿಯೊಬ್ಬರಲ್ಲೂ ಇರುತ್ತವೆ: ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಅಪ್ಪನದು 6 ಮತ್ತು 9, ಅಮ್ಮನದು 7 ಮತ್ತು 8 ಅಂದುಕೊಳ್ಳಿ. ಮಗುವಿಗೆ 6, 7 ಬರಬಹುದು. 9, 8 ಬರಬಹುದು. 6, 9 ಬರಲು ದಾರಿಯೇ ಇಲ್ಲ, ಅಲ್ವಾ? ಹೀಗೆ ಹದಿನೈದು ಇಪ್ಪತ್ತು ಜಾಗ ತಾಳೆ ನೋಡಿದರೆ ಅನುಮಾನಕ್ಕೆ ಎಡೆ ಉಳಿಯುವುದಿಲ್ಲ. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳಲ್ಲಿ ಮಾತ್ರ ಇಬ್ಬರದೂ ಒಂದೇ.

ಮಾದರಿ ಜಾಸ್ತಿ ಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ ಪಿಸಿಆರ್ ಇಲ್ಲೂ ಬೇಕು. ಬೇಕಾದ ಜಾಗವನ್ನಷ್ಟೇ ಅದು ಕೋಟಿಗಟ್ಟಲೆ ನಕಲು ಮಾಡುತ್ತದೆ.

ತಂದೆ ಯಾರು ಎಂಬ ಪ್ರಶ್ನೆ ತೆಂಗಿನ ಸಸಿಗೂ ಇದೆ. ಗಿಡ್ಡ ತಳಿಯ ತಾಯಿಗೆ ಎತ್ತರದ ತಳಿಯ ಪರಾಗ ಸೇರಿತೋ ಇಲ್ಲವೋ, ಅಂದರೆ ಸಸಿ ನಿಜವಾದ ಮಿಶ್ರತಳಿಯೋ ಅಲ್ಲವೋ ಎಂದು ಎಲೆಯ ಡಿಎನ್‌ಎ ಹೇಳುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದರ ಮೇಲೆ ಕೆಲಸ ಮಾಡಿದೆ. ಫಲ ಬರುವವರೆಗೆ ವರ್ಷಗಟ್ಟಲೆ ಕಾಯುವ ಕೃಷಿಕನಿಗೆ ಇದು ಸಣ್ಣ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ತೀರಿಕೊಂಡರು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಗಲ್ಫ್ ನಂಟಿಲ್ಲದ ಊರು ಕಡಿಮೆ. ಸತ್ತವರಲ್ಲಿ ನಮ್ಮ ಜಿಲ್ಲೆಯವರೂ ಹಲವರಿದ್ದರು. ಹಲವು ದೇಹಗಳು ಗುರುತು ಸಿಗದಷ್ಟು ಸುಟ್ಟಿದ್ದವು. ಡಿಎನ್‌ಎ ಪರೀಕ್ಷೆ ಹೈದರಾಬಾದಿನ ಡಿಎನ್‌ಎ ಗುರುತು ಪತ್ತೆ ಕೇಂದ್ರವಾದ ಸಿಡಿಎಫ್‌ಡಿಯಲ್ಲಿ ನಡೆಯಿತು. ಆದರೂ 12 ದೇಹಗಳು ಯಾವ ಕುಟುಂಬದ ರಕ್ತಕ್ಕೂ ತಾಳೆಯಾಗಲಿಲ್ಲ.

ಪರೀಕ್ಷೆ ಸೋತಿತು ಅನ್ನುವುದು ಸರಿಯಲ್ಲ. ಡಿಎನ್‌ಎಯಲ್ಲಿ ಹೆಸರು ಬರೆದಿರುವುದಿಲ್ಲ. ಅಪ್ಪನದೋ, ಅಮ್ಮನದೋ, ಮಗುವಿನದೋ ಮಾದರಿ ಎದುರಿಗೆ ಬೇಕು. ಬಟ್ಟೆ, ವಾಚು ನೋಡಿ ಒಂದು ದೇಹ ತಪ್ಪು ಮನೆಗೆ ಹೋದರೆ ಆ ಮನೆಯವರು ರಕ್ತ ಕೊಡಲು ಬರುವುದೇ ಇಲ್ಲ. ಅವರ ನಿಜವಾದ ಮಗ ಶವಾಗಾರದಲ್ಲೇ ಉಳಿಯುತ್ತಾನೆ. ಎದೆ ಒಡೆದ ಮನೆಯವರಿಗೆ ಕಾಯಿರಿ ಅನ್ನುವುದು ಕಷ್ಟ. ಆದರೂ ಇಂಥ ದುರಂತದಲ್ಲಿ ಮೊದಲು ಎಲ್ಲ ಕುಟುಂಬಗಳ ರಕ್ತ ತೆಗೆದುಕೊಂಡು, ತಾಳೆಯಾದ ಮೇಲೆಯೇ ದೇಹ ಕೊಡಬೇಕು.